ಹದಿನೇಳರ ಹುಡುಗ, ಮೈತುಂಬ ಕಬ್ಬಿಣ: ಒಂದು ಪ್ರಕರಣ ಅಧ್ಯಯನ

ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಏನಾಗುತ್ತದೆ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಜಾಸ್ತಿಯಾದರೆ? ಅದನ್ನು ಯಾರೂ ಯೋಚಿಸಿರುವುದಿಲ್ಲ. ಮೈಯಲ್ಲಿ ಕಬ್ಬಿಣ ಅತಿಯಾಗಿ ತುಂಬಿಕೊಳ್ಳುವ ಕಾಯಿಲೆಗೆ ಹೀಮೋಕ್ರೊಮಾಟೋಸಿಸ್ ಅಂತ ಹೆಸರು. ಅದು ಇದೆ ಅಂತ ಹೊಸದಾಗಿ ಗೊತ್ತಾದ ಮನೆಯವರು ನನ್ನ ಹತ್ತಿರ ಬಂದು ಕೂತಾಗ ಮೊದಲು ಕೇಳುವುದು ಹೆಚ್ಚುಕಡಿಮೆ ಇದೇ: "ಐರನ್ ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ ಮೇಡಂ?"

ನಾನು ಡಾಕ್ಟರ್ ಅಲ್ಲ. ಹುಟ್ಟಿನಿಂದಲೇ ಬರುವ ಕಾಯಿಲೆಗಳಿರುವ ಮಕ್ಕಳ ಜೊತೆ, ಅವರ ಅಪ್ಪ ಅಮ್ಮನ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಇಲ್ಲಿ ಬರೆಯುತ್ತಿರುವುದು ಒಬ್ಬ ಹುಡುಗನ ವಿಷಯ. ಗುರುತು ಸಿಗುವಂಥ ವಿವರಗಳನ್ನೆಲ್ಲ ತೆಗೆದಿದ್ದೇನೆ, ಹೆಸರೂ ಬೇಡ. ಹುಡುಗ ಅಂತಲೇ ಕರೆಯುತ್ತೇನೆ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಹದಿಮೂರು ವರ್ಷದ ತಂಗಿ. ಇಷ್ಟು ಜನ.

ಗೊತ್ತಾಗಿದ್ದು ಹೇಗೆ

ಹುಡುಗನಿಗೆ ಹದಿನೈದು ದಾಟಿದ ಮೇಲೆ ಸುಸ್ತು ಶುರುವಾಯಿತು. ಆಟ ಬಿಟ್ಟ. ಶಾಲೆಯಿಂದ ಬಂದವನೇ ಮಲಗುತ್ತಿದ್ದ. ತೋರುಬೆರಳು, ಮಧ್ಯದ ಬೆರಳಿನ ಬುಡದ ಗಂಟುಗಳಲ್ಲಿ ನೋವು, ಬರೆಯುವುದು ಜಾಸ್ತಿ ಆಗಿರಬೇಕು ಅಂತ ಎಲ್ಲರೂ ಅಂದುಕೊಂಡರು. ತೋರಿಸಿದ ಮೊದಲ ಕಡೆ ಸುಸ್ತು ಅಂದ ತಕ್ಷಣ ಐರನ್ ಮಾತ್ರೆ ಬರೆದುಕೊಟ್ಟರು. ಹಿಮೋಗ್ಲೋಬಿನ್ 15ರ ಮೇಲೆ ಇತ್ತು, ಅಂದರೆ ರಕ್ತಹೀನತೆಯ ಸುಳಿವೇ ಇರಲಿಲ್ಲ, ಆದರೂ ಬರೆದರು. ಅವನು ತಿಂಗಳುಗಟ್ಟಲೆ ನುಂಗಿದ. ಈ ಕಾಯಿಲೆ ಇರುವ ಎಷ್ಟೋ ಜನರ ಕಥೆಯಲ್ಲಿ ಈ ಐರನ್ ಮಾತ್ರೆಯ ಅಧ್ಯಾಯ ಒಂದು ಇದ್ದೇ ಇರುತ್ತದೆ, ನನಗೆ ಕೇಳಿ ಕೇಳಿ ಸಾಕಾಗಿದೆ.

ನಿಜವಾದ ಸುಳಿವು ಬೇರೆ ಕಡೆ ಇತ್ತು. ಅದನ್ನು ಹುಡುಗ ಯಾರಿಗೂ ಹೇಳಿರಲಿಲ್ಲ. ಹದಿಮೂರಕ್ಕೆ ಶುರುವಾದ ದೇಹದ ಬದಲಾವಣೆ ಅರ್ಧಕ್ಕೇ ನಿಂತುಬಿಟ್ಟಿತ್ತು. ಧ್ವನಿ ಒಡೆದಿರಲಿಲ್ಲ, ಮೀಸೆ ಚಿಗುರಿರಲಿಲ್ಲ. ಜೊತೆಯ ಹುಡುಗರು ಬಟ್ಟೆ ಬದಲಿಸುವ ಜಾಗಕ್ಕೆ ಹೋಗುವುದನ್ನೇ ಅವನು ಬಿಟ್ಟಿದ್ದ. ಆಟ ಬಿಟ್ಟಿದ್ದಕ್ಕೆ ಸುಸ್ತು ಎಷ್ಟು ಕಾರಣವೋ ಇದೂ ಅಷ್ಟೇ ಕಾರಣ ಅಂತ ಆಮೇಲೆ ನನಗೆ ಹೇಳಿದ. ಮನೆಯವರಿಗೆ ಇದು ಕಂಡಿರಲಿಲ್ಲ ಅಂತಲ್ಲ, "ಕೆಲವರಿಗೆ ಲೇಟು" ಅಂತ ಸುಮ್ನೆ ಇದ್ದರು. ಅದೂ ತಪ್ಪು ಮಾತಲ್ಲ, ನಿಜವಾಗಿಯೂ ಕೆಲವರಿಗೆ ಲೇಟೇ.

ಕೊನೆಗೆ ಹಾರ್ಮೋನ್ ತಜ್ಞರೊಬ್ಬರ ಹತ್ತಿರ ಹೋದರು. ಟೆಸ್ಟೋಸ್ಟೆರಾನ್ ತೀರಾ ಕಡಿಮೆ. ವೃಷಣಗಳಿಗೆ ಕೆಲಸ ಮಾಡು ಅಂತ ಹೇಳಬೇಕಾದ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನ್‌ಗಳೂ ಕಡಿಮೆ. ಲಿವರ್ ಕಿಣ್ವಗಳು ಸ್ವಲ್ಪ ಮೇಲೆ. ಚರ್ಮ ಬಿಸಿಲಿಗೆ ಹೋಗದಿದ್ದರೂ ಕಂದು ಬೂದಿ ಬಣ್ಣಕ್ಕೆ ತಿರುಗಿತ್ತು. ಇದನ್ನೆಲ್ಲ ಒಟ್ಟಿಗೆ ನೋಡಿದ ಅವರು ಎರಡು ರಕ್ತ ಪರೀಕ್ಷೆ ಬರೆದರು, ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್. ಫೆರಿಟಿನ್ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟು ಅಂತ ತೋರಿಸುತ್ತದೆ, ಅದು 2,900 ಬಂತು. ಸಾಮಾನ್ಯವಾಗಿ ಗಂಡಸರಲ್ಲಿ 300 ದಾಟಿದರೇ ಯಾಕೆ ಅಂತ ನೋಡುತ್ತಾರೆ. ಸ್ಯಾಚುರೇಶನ್, ಅಂದರೆ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಅನ್ನುವುದು, ಶೇಕಡಾ 94. ಅದು 45 ದಾಟಿದರೆ ಅನುಮಾನ ಪಡಬೇಕು. ಆಮೇಲೆ ಜೀನ್ ಪರೀಕ್ಷೆ. ಎಚ್‌ಜೆವಿ ಅನ್ನುವ ಜೀನಿನ ಎರಡೂ ಪ್ರತಿಗಳಲ್ಲಿ ದೋಷ. ಜುವೆನೈಲ್ ಹೀಮೋಕ್ರೊಮಾಟೋಸಿಸ್, ಅಂದರೆ ಎಳೆ ವಯಸ್ಸಿನಲ್ಲೇ ಕಾಣಿಸಿಕೊಳ್ಳುವ ಬಗೆ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಹೀಮೋಕ್ರೊಮಾಟೋಸಿಸ್ ಅಂತ ಹುಡುಕಿದರೆ ಸಿಗುವ ಮಾಹಿತಿಯಲ್ಲಿ ಬಹುಪಾಲು ಇನ್ನೊಂದು ಬಗೆಯದು. ಅದು ಎಚ್‌ಎಫ್‌ಇ ಜೀನಿನಿಂದ ಬರುವಂಥದ್ದು. ಆ ಜೀನ್ ಸಿಕ್ಕಿದ್ದು 1996ರಲ್ಲಿ. ಉತ್ತರ ಯುರೋಪ್ ಮೂಲದವರಲ್ಲಿ ಅದು ಬಹಳ ಸಾಮಾನ್ಯ, ತೊಂದರೆ ಕಾಣಿಸುವುದು ನಲವತ್ತು ಐವತ್ತು ದಾಟಿದ ಮೇಲೆ, ಎಷ್ಟೋ ಜನರಿಗೆ ಜೀವನಪೂರ್ತಿ ಏನೂ ಆಗುವುದಿಲ್ಲ. ಜುವೆನೈಲ್ ಬಗೆ ಬಹಳ ಅಪರೂಪ, ಯಾವ ಮೂಲದವರಲ್ಲಾದರೂ ಬರಬಹುದು, ವೇಗ ಜಾಸ್ತಿ. ಮೂವತ್ತರೊಳಗೇ ಹಾರ್ಮೋನ್ ಮತ್ತು ಹೃದಯಕ್ಕೆ ಕೈ ಹಾಕುತ್ತದೆ. ಈ ಹುಡುಗನ ಅಪ್ಪ ರಾತ್ರಿಯೆಲ್ಲ ಕೂತು ಮೊದಲನೇ ಬಗೆಯ ಬಗ್ಗೆ ಓದಿ, "ಐವತ್ತು ವರ್ಷದವರೆಗೂ ಚಿಂತೆ ಇಲ್ಲವಂತೆ" ಅಂತ ನೆಮ್ಮದಿ ಮಾಡಿಕೊಂಡು ಬಂದಿದ್ದರು. ಅಮ್ಮ ಎರಡನೇ ಬಗೆಯ ಬಗ್ಗೆ ಓದಿ, ಹೃದಯ ನಿಂತುಹೋಗುತ್ತದೆ ಅನ್ನುವ ಸಾಲಿನಿಂದ ಮುಂದೆ ಓದಲಾಗದೆ ಫೋನ್ ಮುಚ್ಚಿಟ್ಟಿದ್ದರು. ಒಂದೇ ಮನೆಯಲ್ಲಿ ಎರಡು ಬೇರೆ ಕಾಯಿಲೆಗಳಿಗೆ ಇಬ್ಬರು ಹೆದರುತ್ತಿದ್ದರು, ಅಥವಾ ಒಬ್ಬರು ಹೆದರುತ್ತಿರಲಿಲ್ಲ. ಹೊಸದಾಗಿ ಗೊತ್ತಾದವರು ಮೊದಲು ಮಾಡಬೇಕಾದ್ದು ತಮ್ಮದು ಯಾವ ಬಗೆ, ಯಾವ ಜೀನ್ ಅಂತ ಒಂದು ಚೀಟಿಯಲ್ಲಿ ಬರೆಸಿಕೊಳ್ಳುವುದು. ಆಮೇಲೆ ಓದುವುದು.

ಒಳಗೆ ಆಗುವುದೇನು

ಹುಡುಗನಿಗೆ ಇದನ್ನು ಹೇಳಿದ ರೀತಿಯಲ್ಲೇ ಹೇಳುತ್ತೇನೆ. ದೊಡ್ಡವರ ಮೈಯಲ್ಲಿ ಒಟ್ಟು ಇರುವ ಕಬ್ಬಿಣ ಮೂರರಿಂದ ನಾಲ್ಕು ಗ್ರಾಂ. ದಿನಕ್ಕೆ ಕರುಳು ಹೀರಿಕೊಳ್ಳುವುದು ಒಂದರಿಂದ ಎರಡು ಮಿಲಿಗ್ರಾಂ, ಉದುರುವ ಚರ್ಮ, ಕರುಳಿನ ಒಳಪದರ ಇವುಗಳ ಜೊತೆ ಹೊರಗೆ ಹೋಗುವುದೂ ಅಷ್ಟೇ. ಮುಖ್ಯವಾದ ಮಾತು ಏನಂದರೆ ಜಾಸ್ತಿಯಾದ ಕಬ್ಬಿಣವನ್ನು ಹೊರಗೆ ಹಾಕಲು ದೇಹಕ್ಕೆ ದಾರಿಯೇ ಇಲ್ಲ. ಇರುವ ಹತೋಟಿಯೆಲ್ಲ ಒಳಗೆ ಬಿಡುವ ಬಾಗಿಲಿನಲ್ಲೇ. ಲಿವರ್ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಮಾಡುತ್ತದೆ, ಅದು "ಸಾಕು" ಅನ್ನುವ ಸಂದೇಶ. ಎಚ್‌ಜೆವಿ ಜೀನ್ ಕೆಟ್ಟರೆ ಲಿವರ್‌ಗೆ ಕಬ್ಬಿಣ ತುಂಬಿದ್ದು ಗೊತ್ತಾಗುವುದಿಲ್ಲ, ಹೆಪ್ಸಿಡಿನ್ ಸಾಕಷ್ಟು ತಯಾರಾಗುವುದಿಲ್ಲ, ಕರುಳು ಹೀರುತ್ತಲೇ ಇರುತ್ತದೆ. ವರ್ಷಗಟ್ಟಲೆ. ಅದು ಲಿವರ್, ಹೃದಯ, ಪಿಟ್ಯುಟರಿ, ಮೇದೋಜ್ಜೀರಕ, ಕೀಲುಗಳಲ್ಲಿ ಕೂರುತ್ತದೆ.

"ಹಾಗಾದರೆ ನನ್ನ ಕರುಳಿಗೆ ಬಾಗಿಲು ಹಾಕೋಕೆ ಬರಲ್ಲ ಅಷ್ಟೇನಾ?" ಅಂದ. ಅಷ್ಟೇ ಅಂದೆ.

ಚಿಕಿತ್ಸೆ ಕೇಳಿದರೆ ಹಳೇ ಕಾಲದ್ದು ಅನ್ನಿಸುತ್ತದೆ. ರಕ್ತ ತೆಗೆಯುವುದು. 1950ರ ಸುಮಾರಿನಿಂದ ಈ ಕಾಯಿಲೆಗೆ ಇದನ್ನೇ ಮಾಡುತ್ತಿದ್ದಾರೆ, ಇದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ. ಅರ್ಧ ಲೀಟರ್ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ರಕ್ತ ತೆಗೆದರೆ ದೇಹ ಹೊಸ ರಕ್ತ ಮಾಡಬೇಕು, ಅದಕ್ಕೆ ಬೇಕಾದ ಕಬ್ಬಿಣವನ್ನು ಲಿವರ್ ಮುಂತಾದ ಕಡೆ ಕೂತ ದಾಸ್ತಾನಿನಿಂದ ಎಳೆದುಕೊಳ್ಳುತ್ತದೆ. ವಾರಕ್ಕೊಮ್ಮೆ, ಫೆರಿಟಿನ್ 50ರ ಹತ್ತಿರ ಬರುವವರೆಗೆ. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ, ಜೀವನಪೂರ್ತಿ. ಹದಿಹರೆಯದವರಿಗೆ ತೂಕ ನೋಡಿ ಅಳತೆ ಕಡಿಮೆ ಮಾಡುತ್ತಾರೆ. ಇವನದು ಸಣಕಲು ಮೈ, ಒಂದು ಸಲಕ್ಕೆ 350 ಮಿಲಿಲೀಟರ್ ಅಂತ ಗೊತ್ತುಮಾಡಿದರು.

ಹೃದಯದ ಎಂಆರ್‌ಐ ಕೂಡ ಆಯಿತು. ಅದರಲ್ಲಿ ಟಿ2 ಸ್ಟಾರ್ ಅನ್ನುವ ಅಳತೆ ತೆಗೆಯುತ್ತಾರೆ, ಅದು 20 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದರೆ ಹೃದಯದ ಸ್ನಾಯುವಿನಲ್ಲಿ ಕಬ್ಬಿಣ ಕೂತಿದೆ ಅಂತ ಅರ್ಥ. ಇವನದು 17 ಇತ್ತು. ಎಕೋದಲ್ಲಿ ಹೃದಯ ಸರಿಯಾಗಿಯೇ ಬಡಿಯುತ್ತಿತ್ತು. ಅಂದರೆ ಸಮಯಕ್ಕೆ ಸಿಕ್ಕಿದ. ಹೃದಯ ಸೋತಿದ್ದರೆ ಅಥವಾ ರಕ್ತಹೀನತೆ ಇದ್ದಿದ್ದರೆ ರಕ್ತ ತೆಗೆಯುವುದು ಕಷ್ಟ, ಆಗ ಕಬ್ಬಿಣವನ್ನು ಹಿಡಿದು ಹೊರಗೆ ಹಾಕುವ ಔಷಧಿಗಳ ಮೊರೆ ಹೋಗಬೇಕಾಗುತ್ತದೆ.

ಮನೆಯವರು ಮಾಡಿದ್ದು

ವೈದ್ಯಕೀಯದ ಭಾಗ ಇಷ್ಟೇ. ನನ್ನ ಹತ್ತಿರ ಬರುವ ಹೊತ್ತಿಗೆ ಮನೆ ಅದಾಗಲೇ ಬೇರೆ ರೂಪ ತಾಳಿತ್ತು.

ಅಮ್ಮ ಅಡುಗೆಮನೆಯನ್ನು ಕೈಗೆ ತೆಗೆದುಕೊಂಡಿದ್ದರು. ಸೊಪ್ಪು ಬಂದ್. ಮಾಂಸ ಬಂದ್. ಕಬ್ಬಿಣದ ಪಾತ್ರೆಗಳು ಅಟ್ಟಕ್ಕೆ. ಹುಳಿ ಹಣ್ಣು ಯಾವುದೂ ಮನೆಗೆ ಬರುವಂತಿಲ್ಲ. ಯಾವುದರಲ್ಲಿ ಎಷ್ಟು ಮಿಲಿಗ್ರಾಂ ಅಂತ ಗೋಡೆ ಮೇಲೆ ಪಟ್ಟಿ. ಹುಡುಗ ಗೆಳೆಯರ ಮನೆಗೆ ಹೋದರೆ ಅಲ್ಲಿಗೆ ಫೋನ್: "ಅವನಿಗೆ ಏನು ಕೊಟ್ರಿ?" ಹುಡುಗ ಎರಡು ಕೆಜಿ ಇಳಿದಿದ್ದ, ಅದೂ ಬೆಳೆಯಬೇಕಾದ ವಯಸ್ಸಿನಲ್ಲಿ.

ಆಹಾರ ತಜ್ಞೆಯ ಜೊತೆ ಕೂತು ಒಂದು ಲೆಕ್ಕ ಹಾಕಿದೆವು. ಕಟ್ಟುನಿಟ್ಟಾಗಿ ಪಥ್ಯ ಮಾಡಿದರೆ ದಿನಕ್ಕೆ ಉಳಿಯುವುದು ಅರ್ಧದಿಂದ ಒಂದು ಮಿಲಿಗ್ರಾಂ. ಒಂದು ಸಲ 350 ಮಿಲಿಲೀಟರ್ ರಕ್ತ ತೆಗೆದರೆ ಹೋಗುವುದು ಸುಮಾರು 170 ಮಿಲಿಗ್ರಾಂ. ಅಂದರೆ ಆರು ತಿಂಗಳಿಂದ ಒಂದು ವರ್ಷ ಬಾಯಿ ಕಟ್ಟಿ ಉಳಿಸಿದ್ದು ಅರ್ಧ ಗಂಟೆಯ ಸೂಜಿಗೆ ಸಮ. ಅಮ್ಮ ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಖುಷಿಯಾಗಲಿಲ್ಲ. "ಹಾಗಾದರೆ ನಾನು ಮಾಡೋಕೆ ಏನೂ ಇಲ್ವಾ?" ಅಂದರು. ಆ ಪಟ್ಟಿ ಅವರ ಕೈಗೆ ಒಂದು ಕೆಲಸ ಕೊಟ್ಟಿತ್ತು, ಅದನ್ನು ನಾವು ಕಿತ್ತುಕೊಂಡೆವು.

ಮಾಡೋಕೆ ಇರುವುದು ಇದೆ, ಆದರೆ ಪಟ್ಟಿಯಷ್ಟು ಉದ್ದ ಇಲ್ಲ. ಐರನ್ ಮಾತ್ರೆ, ಐರನ್ ಇರುವ ಮಲ್ಟಿವಿಟಮಿನ್ ಬೇಡವೇ ಬೇಡ. ವಿಟಮಿನ್ ಸಿ ಮಾತ್ರೆ ಬೇಡ, ಅದು ಕಬ್ಬಿಣ ಹೀರುವುದನ್ನು ಜಾಸ್ತಿ ಮಾಡುತ್ತದೆ, ಹೃದಯದಲ್ಲಿ ಕಬ್ಬಿಣ ಇರುವವರಿಗೆ ದೊಡ್ಡ ಡೋಸ್ ಅಪಾಯ. ಹಣ್ಣಿನಲ್ಲಿ ಇರುವಷ್ಟು ತಿನ್ನಬಹುದು. ಹಸಿ ಚಿಪ್ಪುಮೀನು ತಿನ್ನಬಾರದು, ಕಬ್ಬಿಣ ತುಂಬಿದ ಮೈಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಬಹಳ ಜೋರಾಗಿ ಬೆಳೆಯುತ್ತವೆ, ಅದರಲ್ಲೂ ವಿಬ್ರಿಯೋ ವಲ್ನಿಫಿಕಸ್ ಜೀವಕ್ಕೇ ಕುತ್ತು. ಮದ್ಯ ಬೇಡ. ಮಾಂಸ ಮಿತವಾಗಿ. ಉಳಿದದ್ದು ಎಲ್ಲರ ಹಾಗೆ ಊಟ.

ಅಪ್ಪನದು ಇನ್ನೊಂದು ಥರ. ಅವರು ಎಲ್ಲವನ್ನೂ ಫೈಲ್ ಮಾಡಿದರು. ಪ್ರತಿ ರಿಪೋರ್ಟು ಪ್ಲಾಸ್ಟಿಕ್ ಹಾಳೆಯಲ್ಲಿ, ಮೇಲೆ ಬಣ್ಣದ ಚೀಟಿ. ಡಾಕ್ಟರ್ ಹುಡುಗನನ್ನು "ಹೇಗಿದ್ದೀಯಪ್ಪ?" ಅಂತ ಕೇಳಿದರೆ ಉತ್ತರ ಅಪ್ಪನಿಂದ ಬರುತ್ತಿತ್ತು. "ಈ ವಾರ ಸುಸ್ತು ಕಡಿಮೆ ಸಾರ್." ಹುಡುಗ ಮೊಬೈಲ್ ನೋಡುತ್ತ ಕೂತಿರುತ್ತಿದ್ದ. ಅಪ್ಪನ ಮೇಲೆ ನನಗೆ ಸಿಟ್ಟೇನಿಲ್ಲ, ಇಷ್ಟು ಅಚ್ಚುಕಟ್ಟಾದ ಫೈಲ್ ನಮ್ಮಲ್ಲಿ ಯಾರದೂ ಇರಲಿಲ್ಲ. ಆದರೆ ಆ ಕೋಣೆಯಲ್ಲಿ ಕಾಯಿಲೆ ಯಾರಿಗೆ ಇದೆ ಅನ್ನುವುದೇ ಮಸುಕಾಗಿತ್ತು.

ಇನ್ನು "ಯಾರ ಕಡೆಯಿಂದ ಬಂತು" ಅನ್ನುವುದು. ಅಜ್ಜಿ ಮೊದಲ ದಿನವೇ ತೀರ್ಪು ಕೊಟ್ಟಿದ್ದರು: "ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲ." ಸೊಸೆ ಎದುರಿಗೇ. ಈ ಕಾಯಿಲೆ ಬರಬೇಕಾದರೆ ಕೆಟ್ಟ ಪ್ರತಿ ಎರಡು ಕಡೆಯಿಂದಲೂ ಬರಬೇಕು. ಒಂದು ಪ್ರತಿ ಇಟ್ಟುಕೊಂಡವರಿಗೆ ಏನೂ ಆಗುವುದಿಲ್ಲ, ತಲೆಮಾರುಗಟ್ಟಲೆ ಅದು ಸದ್ದಿಲ್ಲದೆ ಸಾಗುತ್ತದೆ, ಅದಕ್ಕೇ "ನಮ್ಮ ಕಡೆ ಯಾರಿಗೂ ಇಲ್ಲ" ಅನ್ನುವುದು ಇಬ್ಬರ ಮಟ್ಟಿಗೂ ನಿಜ, ಮತ್ತು ಅದರಿಂದ ಏನೂ ಸಾಬೀತಾಗುವುದಿಲ್ಲ. ಅಪ್ಪ ಅಮ್ಮ ಇಬ್ಬರ ಪರೀಕ್ಷೆಯೂ ಆಯಿತು, ತಲಾ ಒಂದು ಕೆಟ್ಟ ಪ್ರತಿ. ರಿಪೋರ್ಟನ್ನು ಅಪ್ಪನೇ ಅಜ್ಜಿಗೆ ಓದಿ ಹೇಳಲಿ ಅಂತ ನಾನು ಹಟ ಹಿಡಿದೆ. ಸೊಸೆ ಹೇಳಿದರೆ ವಾದ, ಮಗ ಹೇಳಿದರೆ ವಿಷಯ. ಹೇಳಿದರು. ಅಜ್ಜಿ ಆಮೇಲೆ ಆ ಮಾತು ಎತ್ತಲಿಲ್ಲವಂತೆ.

ಹುಡುಗನಿಗೆ ಬೇಕಾಗಿದ್ದು

ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿದ್ದು ಸ್ವಲ್ಪ ತಡವಾಗಿಯೇ. ಮನೆಯವರು ಹೊರಗೆ ಹೋಗಲು ಒಪ್ಪಲಿಲ್ಲ. ಅಪ್ಪನಿಗೆ ಬಿಲ್ ವಿಚಾರಿಸುವ ಕೆಲಸ ಹಚ್ಚಿ ಕಳಿಸಿದೆ.

ಇದರಲ್ಲಿ ನಿನಗೆ ಜಾಸ್ತಿ ಚಿಂತೆ ಯಾವುದು ಅಂತ ಕೇಳಿದೆ. ಹೃದಯ ಅಂತಾನೇನೋ, ಸೂಜಿ ಅಂತಾನೇನೋ ಅಂದುಕೊಂಡಿದ್ದೆ. ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ, "ಫೋನ್ ಎತ್ತಿದರೆ ನನ್ನನ್ನ ಮೇಡಂ ಅಂತಾರೆ" ಅಂದ.

ಅಪರಿಚಿತರು ಯಾರೇ ಫೋನ್ ಮಾಡಿದರೂ ಅವನ ಧ್ವನಿ ಕೇಳಿ ಹೆಂಗಸು ಅಂದುಕೊಳ್ಳುತ್ತಿದ್ದರು. ಅದಕ್ಕೇ ಅವನು ಗೊತ್ತಿಲ್ಲದ ನಂಬರ್ ಎತ್ತುವುದನ್ನೇ ಬಿಟ್ಟಿದ್ದ. ತರಗತಿಯಲ್ಲಿ ಎದ್ದು ಉತ್ತರ ಹೇಳುವುದನ್ನು ಬಿಟ್ಟಿದ್ದ. ಗುಂಪಿನಲ್ಲಿ ಧ್ವನಿ ಸಂದೇಶ ಕಳಿಸುವುದಿಲ್ಲ, ಎಲ್ಲ ಟೈಪ್ ಮಾಡುವುದೇ. ಮನೆಯಲ್ಲಿ ಎಲ್ಲರೂ ಲಿವರ್, ಹೃದಯ, ಫೆರಿಟಿನ್ ಅಂತ ಮಾತಾಡುತ್ತಿದ್ದಾಗ ಅವನ ಮನಸ್ಸಿನಲ್ಲಿ ಇದ್ದದ್ದು ಇದು. ಕೇಳಿದವರು ಯಾರೂ ಇಲ್ಲ. ಹೇಳಿದರೆ "ಜೀವದ ಪ್ರಶ್ನೆ ಇದೆ, ನಿನಗೆ ಮೀಸೆ ಚಿಂತೆನಾ?" ಅಂತಾರೆ ಅನ್ನುವ ಭಯ. ಅನ್ನುತ್ತಿದ್ದರೋ ಏನೋ, ಆ ಮನೆಯಲ್ಲಿ ಆಗ ಎಲ್ಲರ ತಲೆಯೂ ಬಿಸಿಯಾಗಿತ್ತು.

ಇದನ್ನು ಬೇರೆ ತಂದೆ ತಾಯಿಗಳಿಗೂ ಹೇಳುತ್ತೇನೆ. ಹದಿನಾರು ಹದಿನೇಳರ ಮಕ್ಕಳಿಗೆ ಇಪ್ಪತ್ತು ವರ್ಷ ಆಚೆಯ ಲಿವರ್ ಅಂದರೆ ಯಾರದೋ ಲಿವರ್. ನಾಳೆ ಬೆಳಗ್ಗೆ ಶಾಲೆಯಲ್ಲಿ ಆಗುವುದು ನಿಜ. ಚಿಕಿತ್ಸೆಗೆ ಅವರ ಮನಸ್ಸು ಒಪ್ಪಬೇಕಾದರೆ ಅವರ ಚಿಂತೆಯ ಕಡೆಯಿಂದಲೇ ಒಳಗೆ ಹೋಗಬೇಕು. ಇವನ ವಿಷಯದಲ್ಲಿ ದಾರಿ ಸುಲಭವಾಗಿತ್ತು, ಯಾಕಂದರೆ ಅವನ ಧ್ವನಿಯನ್ನು ತಡೆದದ್ದೂ ಅದೇ ಕಬ್ಬಿಣ. ಪಿಟ್ಯುಟರಿಯಲ್ಲಿ ಕೂತದ್ದು. ಹಾರ್ಮೋನ್ ತಜ್ಞರ ಮುಂದಿನ ಭೇಟಿಯಲ್ಲಿ ಮೊದಲ ಹತ್ತು ನಿಮಿಷ ಅವನೊಬ್ಬನೇ ಮಾತಾಡಲಿ ಅಂತ ಕೇಳಿಕೊಂಡೆ. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಸಣ್ಣ ಡೋಸಿನಲ್ಲಿ ಶುರುವಾಯಿತು. ಮುಂದೆ ಮಕ್ಕಳಾಗುವ ವಿಷಯಕ್ಕೆ ಬೇರೆ ಹಾರ್ಮೋನ್ ಚಿಕಿತ್ಸೆ ಇದೆ ಅಂತಲೂ ಅವನಿಗೇ ನೇರವಾಗಿ ಹೇಳಿದರಂತೆ. ಹೊರಗೆ ಬಂದವನು, "ಅಪ್ಪಂಗೆ ಹೇಳ್ಬೇಕಾ?" ಅಂದ. ನಿನ್ನಿಷ್ಟ ಅಂದೆ. ಒಂದು ವಾರ ಹೇಳಲಿಲ್ಲ. ಆಮೇಲೆ ಹೇಳಿದ.

ಸೂಜಿ, ಗ್ರಾಫು, ಜ್ವರ

ಮೊದಲ ಸಲ ರಕ್ತ ತೆಗೆದಾಗ ತಲೆ ತಿರುಗಿ ಬಿದ್ದ. ಬೆಳಗಿನಿಂದ ಏನೂ ಕುಡಿದಿರಲಿಲ್ಲ, ರಕ್ತ ಪರೀಕ್ಷೆ ಅಂದರೆ ಖಾಲಿ ಹೊಟ್ಟೆ ಅಂತ ಅಮ್ಮ ಅಂದುಕೊಂಡಿದ್ದರು. ಎರಡನೇ ಸಲದಿಂದ ಮುಂಚೆ ಅರ್ಧ ಲೀಟರ್ ನೀರು, ಹೊಟ್ಟೆಗೆ ಸ್ವಲ್ಪ, ಮಲಗಿಕೊಂಡು ಕೊಡುವುದು, ಮುಗಿದ ಮೇಲೆ ಹದಿನೈದು ನಿಮಿಷ ಏಳದೇ ಇರುವುದು. ಮತ್ತೆ ಬೀಳಲಿಲ್ಲ. ಯಾವ ಕೈ ಅನ್ನುವುದನ್ನು ಅವನೇ ಆರಿಸಿಕೊಳ್ಳಲಿ ಅಂತ ನರ್ಸ್ ಬಿಟ್ಟರು. ಚಿಕ್ಕ ವಿಷಯ ಅನ್ನಿಸಬಹುದು, ವಾರ ವಾರ ಸೂಜಿ ತಿನ್ನುವವನಿಗೆ ಅದು ಚಿಕ್ಕದಲ್ಲ. ಪ್ರತಿ ಸಲ ಮುಂಚೆ ಹಿಮೋಗ್ಲೋಬಿನ್ ನೋಡುತ್ತಾರೆ, ಕಡಿಮೆ ಇದ್ದರೆ ಆ ವಾರ ಬಿಟ್ಟುಬಿಡುತ್ತಾರೆ.

"ಈ ರಕ್ತ ಚರಂಡಿಗಾ?" ಅಂತ ಒಂದು ಸಲ ಕೇಳಿದ. ಹಲವು ದೇಶಗಳಲ್ಲಿ ಬೇರೆ ಅರ್ಹತೆ ಎಲ್ಲ ಸರಿ ಇದ್ದರೆ ಹೀಮೋಕ್ರೊಮಾಟೋಸಿಸ್ ಇರುವವರ ರಕ್ತವನ್ನು ದಾನಕ್ಕೆ ತೆಗೆದುಕೊಳ್ಳುತ್ತಾರೆ, ರಕ್ತದಲ್ಲಿ ಕೆಟ್ಟದ್ದೇನೂ ಇಲ್ಲ. ಇವನ ವಯಸ್ಸಿಗೆ ಆಗುವುದಿಲ್ಲ. "ಹದಿನೆಂಟಾಗಲಿ" ಅಂದ.

ಅಪ್ಪನ ಫೈಲ್ ಹುಡುಗನ ಕೈಗೆ ಬಂದದ್ದು ಒಂದು ಒಪ್ಪಂದದ ಮೇಲೆ. ಅವನಿಗೆ ಗಣಿತ ಇಷ್ಟ. ಪ್ರತಿ ವಾರದ ಹಿಮೋಗ್ಲೋಬಿನ್, ತಿಂಗಳಿಗೊಮ್ಮೆ ಫೆರಿಟಿನ್, ಇದನ್ನು ಅವನೇ ಬರೆದು ಗ್ರಾಫ್ ಹಾಕುವುದು, ಡಾಕ್ಟರ್ ಕೇಳಿದರೆ ಅವನೇ ಹೇಳುವುದು. ಅಪ್ಪ ಕೋಣೆಯಲ್ಲಿ ಇರಬಹುದು, ಕೊನೆಯಲ್ಲಿ ಎರಡು ಪ್ರಶ್ನೆ ಕೇಳಬಹುದು. ಅಪ್ಪನಿಗೆ ಇದು ಕಷ್ಟವಾಯಿತು. ಮೊದಲ ಭೇಟಿಯಲ್ಲಿ ಎರಡು ಸಲ ಬಾಯಿ ತೆರೆದು ಮುಚ್ಚಿದ್ದನ್ನು ನಾನು ನೋಡಿದೆ. ಹುಡುಗ ಒಂದು ಅಂಕಿ ತಪ್ಪು ಹೇಳಿದ. ಡಾಕ್ಟರ್ ಸರಿ ಮಾಡಿದರು. ಲೋಕವೇನೂ ಮುಳುಗಲಿಲ್ಲ.

ಹುಡುಗ ಒಂದು ಅಂದಾಜೂ ಹಾಕಿಕೊಂಡಿದ್ದ. ಮೈಯಲ್ಲಿ ಹತ್ತು ಗ್ರಾಂ ಜಾಸ್ತಿ ಇದ್ದರೆ, ವಾರಕ್ಕೆ 170 ಮಿಲಿಗ್ರಾಂ ಹೋದರೆ, ಐವತ್ತೊಂಬತ್ತು ವಾರ. ನಡುವೆ ಕರುಳು ಇನ್ನೂ ಹೀರುತ್ತಿರುವುದರಿಂದ ಅದಕ್ಕಿಂತ ಜಾಸ್ತಿ. "ಒಂದು ವರ್ಷ ಚಿಲ್ಲರೆ" ಅಂತ ಅವನೇ ಅಮ್ಮನಿಗೆ ಹೇಳಿದ. ಡಾಕ್ಟರ್ ಬಾಯಿಂದ ಬಂದಿದ್ದರೆ ಅದು ಶಿಕ್ಷೆ ಅನ್ನಿಸುತ್ತಿತ್ತು. ತಾನೇ ಲೆಕ್ಕ ಹಾಕಿದ್ದಾದ್ದರಿಂದ ಬರೀ ಉತ್ತರ.

ಆರನೇ ತಿಂಗಳ ಸುಮಾರಿಗೆ ಗ್ರಾಫ್ ಕೆಟ್ಟಿತು. ಫೆರಿಟಿನ್ 1,400ಕ್ಕೆ ಇಳಿದದ್ದು ಇದ್ದಕ್ಕಿದ್ದಂತೆ 1,900 ಆಯಿತು. ಮನೆಯಲ್ಲಿ ಮತ್ತೆ ಕೋಲಾಹಲ. ಅಮ್ಮ ಪಟ್ಟಿ ಮತ್ತೆ ಗೋಡೆಗೆ ಅಂಟಿಸಿದರು, ಏನು ತಿಂದೆ ಎಲ್ಲಿ ತಿಂದೆ ಅಂತ ವಿಚಾರಣೆ. ಹುಡುಗನಿಗೂ ಹೆದರಿಕೆ, ಇಷ್ಟು ವಾರದ ಸೂಜಿ ನೀರಲ್ಲಿ ಹೋಮವಾಯಿತಾ ಅಂತ. ಡಾಕ್ಟರ್ ಒಂದೇ ಪ್ರಶ್ನೆ ಕೇಳಿದರು: "ಈಚೆಗೆ ಜ್ವರ ಬಂದಿತ್ತಾ?" ಹಿಂದಿನ ವಾರ ಮೂರು ದಿನ ವೈರಲ್ ಜ್ವರದಲ್ಲಿ ಮಲಗಿದ್ದ. ಫೆರಿಟಿನ್ ಕಬ್ಬಿಣದ ದಾಸ್ತಾನು ತೋರಿಸುವುದು ನಿಜ, ಆದರೆ ಜ್ವರ, ಸೋಂಕು, ಉರಿಯೂತ ಯಾವುದೇ ಇದ್ದರೂ ಅದು ಏರುತ್ತದೆ. ಮೂರು ವಾರ ಬಿಟ್ಟು ನೋಡಿದಾಗ 1,250. ಹುಡುಗ ಗ್ರಾಫಿನಲ್ಲಿ ಆ ಚುಕ್ಕಿಯನ್ನು ಅಳಿಸಲಿಲ್ಲ, ಪಕ್ಕದಲ್ಲಿ "ಜ್ವರ" ಅಂತ ಕೆಂಪಿನಲ್ಲಿ ಬರೆದ. ಅಳಿಸು ಅಂದಿದ್ದರು ಅಪ್ಪ. "ಡೇಟಾ ಅಳಿಸಬಾರದು ಅಪ್ಪ" ಅಂದನಂತೆ.

ತಂಗಿಯ ಪರೀಕ್ಷೆ

ಅಣ್ಣನಿಗೆ ಇದ್ದರೆ ತಂಗಿಗೆ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ದೊಡ್ಡವರಾದ ಮೇಲೆ ಬರುವ ಬಗೆಯಾದರೆ ಮಕ್ಕಳ ಜೀನ್ ಪರೀಕ್ಷೆಗೆ ಅವಸರ ಬೇಡ, ಅವರೇ ದೊಡ್ಡವರಾಗಿ ನಿರ್ಧರಿಸಲಿ ಅನ್ನುವುದುಂಟು. ಇದು ಎಳೆ ವಯಸ್ಸಿನಲ್ಲೇ ಹಾನಿ ಮಾಡುವ ಬಗೆ, ಬೇಗ ಗೊತ್ತಾದರೆ ಹಾನಿಯೇ ಆಗದಂತೆ ತಡೆಯಬಹುದು. ಹಾಗಾಗಿ ಪರೀಕ್ಷೆ ಬೇಕೇ ಅನ್ನುವ ಪ್ರಶ್ನೆ ಇರಲಿಲ್ಲ, ಅವಳಿಗೆ ಹೇಗೆ ಹೇಳುವುದು ಅನ್ನುವುದಷ್ಟೇ. ಸುಮ್ನೆ ಒಂದು ರಕ್ತ ಪರೀಕ್ಷೆ ಅಂತ ಹೇಳಿ ಮುಗಿಸೋಣ ಅಂದರು ಅಪ್ಪ. ನಾನು ಒಪ್ಪಲಿಲ್ಲ. ಅವಳಿಗೆ ಹದಿಮೂರು, ಅಣ್ಣನ ಪಟ್ಟಿ ಗೋಡೆ ಮೇಲಿದೆ, ಅವಳಿಗೆ ಓದಲು ಬರುತ್ತದೆ.

ಅವಳಿಗೆ ಹೇಳುವ ಕೆಲಸ ಅಣ್ಣನೇ ಮಾಡಿದ. ಫಲಿತಾಂಶ ಬಂತು, ಒಂದು ಪ್ರತಿ ಮಾತ್ರ ಕೆಟ್ಟದ್ದು, ಕಾಯಿಲೆ ಬರುವುದಿಲ್ಲ.

ಆ ಸಂಜೆ ಮನೆಯಲ್ಲಿ ಸಿಹಿ ಹಂಚಿದರು. ಅಜ್ಜಿ ಕೈ ಮುಗಿದು, "ಇವಳೊಬ್ಬಳಾದರೂ ಚೆನ್ನಾಗಿದ್ದಾಳಲ್ಲ, ಸಾಕು" ಅಂದರು. ಸಂತೋಷದಲ್ಲಿ ಬಂದ ಮಾತು. ಹುಡುಗ ಎದ್ದು ಕೋಣೆಗೆ ಹೋದ. ಮುಂದಿನ ವಾರ ರಕ್ತ ತೆಗೆಸಲು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಓದಿನ ಒತ್ತಡ ಅಂತ ಅಪ್ಪ ಫೋನಿನಲ್ಲಿ ಹೇಳಿದರು.

ನನಗೆ ವಿಷಯ ಗೊತ್ತಾದದ್ದು ತಂಗಿಯಿಂದ. ಅಮ್ಮನ ಜೊತೆ ಬಂದಿದ್ದವಳು, "ನಾನು ಚೆನ್ನಾಗಿದ್ದೀನಿ ಅಂತ ಅವನಿಗೆ ಬೇಜಾರು ಅಲ್ಲ, ಅವನು ಕೆಟ್ಟು ಹೋದ ಥರ ಎಲ್ಲ ಮಾತಾಡಿದ್ರು" ಅಂದಳು. ಇದಕ್ಕಿಂತ ಚೆನ್ನಾಗಿ ಯಾವ ಸಮಾಲೋಚಕರೂ ಬರೆಯಲಾರರು. ಅಮ್ಮ ಅಲ್ಲೇ ಕೂತಿದ್ದರು, ಕೇಳಿಸಿಕೊಂಡರು. ಆ ರಾತ್ರಿ ಅವರು ಹುಡುಗನ ಹತ್ತಿರ ಮಾತಾಡಿದರು ಅನ್ನುವುದಷ್ಟು ಗೊತ್ತು. ಎರಡು ವಾರ ತಪ್ಪಿದ್ದರಿಂದ ಚಿಕಿತ್ಸೆಗೆ ದೊಡ್ಡ ಪೆಟ್ಟೇನೂ ಆಗಲಿಲ್ಲ, ಡಾಕ್ಟರ್ ಅದನ್ನೇ ಹೇಳಿ ಹುಡುಗನನ್ನು ಬೈಯದೆ ಬಿಟ್ಟರು, ಒಳ್ಳೆಯದಾಯಿತು.

ಈಗ

ಒಂದು ವರ್ಷ ಚಿಲ್ಲರೆ ಅಂದಿದ್ದು ಒಂದೂವರೆ ವರ್ಷದ ಹತ್ತಿರ ಹೋಯಿತು. ಫೆರಿಟಿನ್ 60ಕ್ಕೆ ಬಂದಿದೆ. ಹೃದಯದ ಟಿ2 ಸ್ಟಾರ್ 20 ದಾಟಿದೆ, ಓಟ ಆಟಕ್ಕೆ ಹೃದಯ ತಜ್ಞರು ಒಪ್ಪಿಗೆ ಕೊಟ್ಟಿದ್ದಾರೆ. ಲಿವರ್ ಕಿಣ್ವಗಳು ಸರಿಯಾಗಿವೆ. ಸುಸ್ತು ಹೋಗಿದೆ. ಬೆರಳಿನ ಗಂಟಿನ ನೋವು ಹೋಗಿಲ್ಲ, ಕೀಲಿನ ತೊಂದರೆ ಕಬ್ಬಿಣ ಇಳಿದ ಮೇಲೂ ಉಳಿಯುವುದು ಸಾಮಾನ್ಯ, ಇದನ್ನು ಮುಂಚೆಯೇ ಹೇಳಿದ್ದರಿಂದ ಅವನಿಗೆ ಮೋಸ ಹೋದ ಭಾವನೆ ಬರಲಿಲ್ಲ. ಟೆಸ್ಟೋಸ್ಟೆರಾನ್ ಮುಂದುವರಿದಿದೆ. ಧ್ವನಿ ಒಡೆದಿದೆ. ನನಗೆ ಫೋನ್ ಮಾಡಿದಾಗ ಯಾರು ಅಂತ ಎರಡು ಸಲ ಕೇಳಬೇಕಾಯಿತು, ಅವನಿಗೆ ಬಹಳ ಖುಷಿ.

ಜಿಮ್ ಸೇರಿದ್ದಾನೆ. ಅಲ್ಲಿ ಯಾರೋ ಕೊಟ್ಟ ಪ್ರೋಟೀನ್ ಪುಡಿಯ ಡಬ್ಬಿಯ ಹಿಂಭಾಗ ಓದಿ, ಅದರಲ್ಲಿ ಐರನ್ ಮತ್ತು ವಿಟಮಿನ್ ಸಿ ಎರಡೂ ಇರುವುದು ನೋಡಿ ವಾಪಸ್ ಕೊಟ್ಟನಂತೆ. ಯಾಕೆ ಅಂತ ಅಲ್ಲಿಯವರಿಗೆ ಹೇಳಲಿಲ್ಲ. ಕಾಯಿಲೆಯ ವಿಷಯ ಗೊತ್ತಿರುವುದು ಒಬ್ಬ ಗೆಳೆಯನಿಗೆ ಮಾತ್ರ, ಅಷ್ಟು ಸಾಕು ಅನ್ನುತ್ತಾನೆ. ಎಲ್ಲರಿಗೂ ಹೇಳಬೇಕು ಅನ್ನುವ ಒತ್ತಾಯ ನನ್ನದೂ ಇಲ್ಲ. ಅಪಘಾತದಂಥದ್ದು ಆದರೆ ಡಾಕ್ಟರಿಗೆ ಗೊತ್ತಾಗಲಿ ಅಂತ ಒಂದು ಕಾರ್ಡ್ ಪರ್ಸಿನಲ್ಲಿ ಇದೆ.

ಮುಂದಿನ ತಿಂಗಳು ಓದಲು ಬೇರೆ ಊರಿಗೆ ಹೋಗುತ್ತಾನೆ. ಎರಡೂವರೆ ತಿಂಗಳಿಗೊಮ್ಮೆ ರಕ್ತ ತೆಗೆಸಬೇಕು, ಅಲ್ಲಿಯ ಆಸ್ಪತ್ರೆಗೆ ಪತ್ರ ಹೋಗಿದೆ, ಮೊದಲ ಅಪಾಯಿಂಟ್‌ಮೆಂಟ್ ಅವನೇ ಫೋನ್ ಮಾಡಿ ತೆಗೆದುಕೊಂಡಿದ್ದಾನೆ. ಹಾಸ್ಟೆಲಿನಲ್ಲಿ ಕುಡಿಯುವ ಗುಂಪು ಇರುತ್ತದೆ, ಅಲ್ಲಿ ಏನು ಹೇಳುತ್ತೀಯ ಅಂತ ಕೇಳಿದೆ. "ಲಿವರ್ ಸರಿ ಇಲ್ಲ ಅಂದರೆ ಯಾರೂ ಬಲವಂತ ಮಾಡಲ್ಲ" ಅಂದ. ಫೈಲಿನ ಮೂಲ ಪ್ರತಿಗಳು ಅವನ ಜೊತೆ ಹೋಗುತ್ತವೆ. ಅಪ್ಪ ಎಲ್ಲದರ ಒಂದು ಜೆರಾಕ್ಸ್ ಮಾಡಿಸಿ ಮನೆಯಲ್ಲಿ ಇಟ್ಟುಕೊಂಡಿದ್ದಾರೆ, ಬಣ್ಣದ ಚೀಟಿ ಸಮೇತ. ಅಮ್ಮ ವಾರಕ್ಕೊಮ್ಮೆ ಮಾತ್ರ ಕಾಯಿಲೆಯ ವಿಷಯ ಕೇಳಬಹುದು ಅಂತ ಅಮ್ಮ ಮಗ ಮಾತಾಡಿಕೊಂಡಿದ್ದಾರೆ. ಭಾನುವಾರ ಅಂತ ಗೊತ್ತಾಗಿದೆ.